ಮೂಡುತಿಟ್ಟು

ಸೀಫ್‌ನ ಮಾಲೊಂದರಲ್ಲಿ, ಸುಗಂಧದ ಅಂಗಡಿಗೂ ಆಟಿಕೆಯ ಅಂಗಡಿಗೂ ನಡುವೆ, ಉಕ್ಕಿನ ಕಂಬಿಯೊಂದಕ್ಕೆ ಬಣ್ಣಬಣ್ಣದ ಸೊಂಟಪಟ್ಟಿಗಳನ್ನು ತೂಗುಹಾಕಿದ್ದರು. ತೆಳು ಬಟ್ಟೆ, ಅಂಚಿಗೆ ಹುಸಿ ನಾಣ್ಯಗಳ ಸಾಲು. ಓಡಿ ಬಂದ ಮಗುವೊಂದು ಅವುಗಳ ಮೇಲೆ ಕೈಯಾಡಿಸಿತು, ಝಲ್ಲೆಂದಿತು. ಕಳೆದ ಚಳಿಗಾಲದಲ್ಲಿ ಮಗಳ ಮನೆಗೆಂದು ಬಹರೈನಿಗೆ ಹೋಗಿದ್ದ ನಾನು ಆ ಸದ್ದಿಗೆ ನಿಂತೆ. ಒಂದು ಪಟ್ಟಿಯನ್ನು ಕೈಗೆತ್ತಿಕೊಂಡೆ. ಅದಕ್ಕೆ ತೂಕವೇ ಇರಲಿಲ್ಲ.

"ಅಮ್ಮಾ, ನಿನಗಾ?" ಮಗಳು ನಕ್ಕಳು. "ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಸೇರ್ತೀಯಾ?"

"ಅದಕ್ಕೆ ಹಾಗೆ ಹೇಳುವುದಿಲ್ಲ."

"ಮತ್ತೆಂತ ಹೇಳುದು?"

ಮಕ್ಕಳಿಗೆ ಶಬ್ದಾರ್ಥ ಹೇಳಿಕೊಟ್ಟೇ ವೃತ್ತಿಜೀವನ ಮುಗಿಸಿದವಳು ನಾನು. ಆದರೆ ಆ ಕ್ಷಣ ನಾಲಿಗೆಗೆ ಬಂದ ಶಬ್ದ ಯಾವ ನಿಘಂಟಿನಲ್ಲೂ ಇಲ್ಲ. ಅದು ಹುಟ್ಟಿದ್ದು ಅಲ್ಲಿಯ ಅದ್ಲಿಯಾ ಬಡಾವಣೆಯ ಒಂದು ಹೊಲಿಗೆಯಂಗಡಿಯ ಪರದೆಯ ಹಿಂದೆ, ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಚಳಿಗಾಲದಲ್ಲಿ.

ನಾನು ಬಹರೈನಿಗೆ ಬಂದಿಳಿದದ್ದು ಅದಕ್ಕೂ ಮೊದಲಿನ ಬೇಸಿಗೆಯಲ್ಲಿ. ವಿಮಾನದ ಬಾಗಿಲು ತೆರೆದಾಗ ಅನ್ನದ ಪಾತ್ರೆಯ ಮುಚ್ಚಳ ಎತ್ತಿದಂತೆ ಹಬೆ ಮುಖಕ್ಕೆ ಹೊಡೆಯಿತು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಪತಿ ಸುಧಾಕರರು ಅಸ್ಕರ್ ಬಳಿಯ ಅಲ್ಯೂಮಿನಿಯಂ ಕರಗಿಸುವ ಸ್ಥಾವರದಲ್ಲಿ ಪಾಳಿಯ ಕೆಲಸದಲ್ಲಿದ್ದರು. ಕಂಪನಿಯ ಬಸ್ಸು ಅವರನ್ನು ಕರೆದೊಯ್ಯುತ್ತಿತ್ತು. ಮರಳಿ ಬಂದಾಗ ಅವರ ತಲೆಗೂದಲಿನಿಂದ ಕಾದ ಲೋಹದ ವಾಸನೆ ಬರುತ್ತಿತ್ತು. ಅವರ ಮೂಲಕ ನನಗೆ ದೊರೆತಿದ್ದ ವಾಸದ ಪರವಾನಗಿ ಮುಂದಿನ ಬೇಸಿಗೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಲಾಗದೆಂದು ಕಂಪನಿಯವರು ಮೊದಲೇ ತಿಳಿಸಿದ್ದರು. ನನ್ನದೇ ಹೆಸರಿನಲ್ಲಿ ಕೆಲಸದ ವೀಸಾ ದೊರೆತರೆ ಮಾತ್ರ ನಾನು ಅಲ್ಲಿ ಉಳಿಯಬಹುದಿತ್ತು. ಇಲ್ಲವಾದರೆ ನಾನು ಊರಿನಲ್ಲಿ, ಅವರು ಮರುಭೂಮಿಯಲ್ಲಿ, ವರ್ಷಕ್ಕೊಂದು ರಜೆ.

ನನಗೆ ಬೇಕಾಗಿದ್ದುದು ಶಿಕ್ಷಕಿಯ ಕೆಲಸ. ನನ್ನ ತಂದೆ ನೇತ್ರಾವತಿಯ ದಂಡೆಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎ. ಎಂಬ ಎರಡಕ್ಷರವನ್ನು ತಂದೆಯವರು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಿದ್ದರು. ನನಗೋ, ಒಂದು ಅಶುದ್ಧ ವಾಕ್ಯ ಬಾಯಿಂದ ಹೊರಬಿದ್ದರೂ ಯಾರಾದರೂ ಬಂದು ಆ ಪದವಿಯನ್ನು ಹಿಂದಕ್ಕೆ ಪಡೆಯುವರೇನೋ ಎಂಬ ಭಯ. ಮನೆಯ ತುಳು, ಓದಿನ ಕನ್ನಡ, ಕಲಿತ ಹಿಂದಿ, ಇಂಗ್ಲಿಷ್: ಯಾವುದನ್ನಾಡುವಾಗಲೂ ಮೊದಲು ಮನಸ್ಸಿನಲ್ಲಿ ವಾಕ್ಯ ಕಟ್ಟಿ, ವಿಭಕ್ತಿ ಪರಿಶೀಲಿಸಿ, ಅನಂತರ ಬಾಯಿ ತೆರೆಯುವುದು ರೂಢಿಯಾಗಿತ್ತು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ಶಾಲೆಯ ಕೆಲಸ ದೊರೆಯುವವರೆಗೆ ಇರಲಿ ಎಂದು ಅದ್ಲಿಯಾದ ಅಂಗಡಿಗೆ ಸೇರಿದೆ. ಬ್ರಹ್ಮಾವರ ಕಡೆಯ ಶೀನಣ್ಣ ಅದನ್ನು ನಡೆಸುತ್ತಿದ್ದರು. ಎದುರಿನ ಗಾಜಿನ ಹಿಂದೆ ಶಾಲಾ ಸಮವಸ್ತ್ರಗಳು. ಒಳಗೆ, ದಪ್ಪ ಹಸಿರು ಪರದೆಯ ಹಿಂದೆ, ನರ್ತಕಿಯರ ಉಡುಪುಗಳು. ಸೆಖೆ ಇಳಿದು ತಂಗಾಳಿ ಬೀಸತೊಡಗಿತೆಂದರೆ ಹೋಟೆಲುಗಳಲ್ಲಿ ಕಾರ್ಯಕ್ರಮಗಳು ಆರಂಭವಾಗುತ್ತಿದ್ದವು. ಕೈರೋದಿಂದ, ಬೈರೂತಿನಿಂದ ನರ್ತಕಿಯರು ಬರುತ್ತಿದ್ದರು. ಮೇಲಿನ ಕುಪ್ಪಸ, ಸೊಂಟಪಟ್ಟಿ, ಲಂಗ ಇಷ್ಟೂ ಸೇರಿದ ಉಡುಪನ್ನು ಅವರು ಅರಬಿಯಲ್ಲಿ 'ಬದ್ಲಾ' ಎನ್ನುತ್ತಿದ್ದರು. ಶೀನಣ್ಣನ ಹೊಲಿಗೆ ಅವರಿಗೆಲ್ಲ ಮೆಚ್ಚುಗೆಯಾಗಿತ್ತು. ಆದರೆ ಅವರು ಹೆಂಗಸರ ಅಳತೆ ತೆಗೆಯುತ್ತಿರಲಿಲ್ಲ. ಆ ಕೆಲಸ ನೋಡಿಕೊಳ್ಳುತ್ತಿದ್ದ ಅವರ ಪತ್ನಿ ಹೆರಿಗೆಗೆಂದು ಊರಿಗೆ ಹೋಗಿದ್ದರು.

"ನಾನು ಕಣ್ಣಲ್ಲಿ ಸಹ ಅಳತೆ ತೆಗಿಯುದಿಲ್ಲ ಟೀಚರೇ" ಎಂದಿದ್ದರು ಮೊದಲ ದಿನವೇ. ನನಗಿನ್ನೂ ಸಿಗದ ಹುದ್ದೆಯ ಹೆಸರಿನಿಂದ ನನ್ನನ್ನು ಕರೆಯುವುದು ಅವರಿಗೊಂದು ತಮಾಷೆ. "ನೀವು ಟೇಪು ಹಿಡೀರಿ, ನಂಬರು ಹೇಳಿ. ಇಂಗ್ಲಿಷಲ್ಲಿ ಬೇಡ, ನಂಗೆ ಅರ್ಥ ಆಗುವ ಹಾಗೆ ಹೇಳಿ."

ಅಲ್ಲಿಯ ಕನ್ನಡ ಸಂಘದ ಕೂಟಗಳಲ್ಲಿ ಯಾರಾದರೂ ವಿಚಾರಿಸಿದರೆ, ಸಮವಸ್ತ್ರದ ಅಂಗಡಿಯಲ್ಲಿದ್ದೇನೆ ಎನ್ನುತ್ತಿದ್ದೆ. ಪರದೆಯ ವಿಷಯ ಎತ್ತಬೇಡವೆಂದು ಪತಿಯೂ ಹೇಳಿದ್ದರು. ನರ್ತಕಿಯರ ಜೊತೆ ಒಡನಾಟವಿರುವವಳಿಗೆ ಮಕ್ಕಳನ್ನು ಒಪ್ಪಿಸುವ ಶಾಲೆ ಯಾವುದಿದ್ದೀತು?

ನವಾಲ್ ಬಂದದ್ದು ಮರಳುಗಾಳಿ ಬೀಸಿ ಅಂಗಡಿಯ ಗಾಜು ಮಸುಕಾಗಿದ್ದ ಒಂದು ಬೆಳಗ್ಗೆ. ದೊಗಳೆ ಹತ್ತಿಯ ನಿಲುವಂಗಿ, ಬಿಗಿದು ಕಟ್ಟಿದ ಕೂದಲು, ದಪ್ಪ ಚೌಕಟ್ಟಿನ ಕನ್ನಡಕ. ಮಕ್ಕಳ ಸಮವಸ್ತ್ರಕ್ಕೆಂದು ಬಂದ ಉಪಾಧ್ಯಾಯಿನಿಯಿರಬೇಕೆಂದು ನಾನು ಎದ್ದು ನಿಂತೆ. ಅವಳು ನೇರವಾಗಿ ಪರದೆ ಸರಿಸಿ ಒಳಗೆ ಹೋದಳು. ಕೈರೋದವಳು, ದೊಡ್ಡ ಹೋಟೆಲೊಂದರಲ್ಲಿ ಆ ಋತುವಿನ ನರ್ತಕಿ. ತಿಂಗಳು ತಿಂಗಳಿಗೆ ಒಪ್ಪಂದ, ಪಾಸ್‌ಪೋರ್ಟ್ ಮ್ಯಾನೇಜರನ ಮೇಜಿನಲ್ಲಿ. ಎಳೆ ತರುಣಿಯೇನಲ್ಲ. ಬಲ ಮೊಣಕಾಲು ನೋಯುತ್ತಿತ್ತೆಂದು ಅವಳು ಕುಳಿತೇಳುವಾಗ ತಿಳಿಯುತ್ತಿತ್ತು.

ನಾನು ಟೇಪನ್ನು ಅವಳ ನಡುವಿಗೆ ಸುತ್ತಿದೆ. ಸಂಕೋಚದಿಂದ ನನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರಿಂದ ಟೇಪು ಜಾರಿತು. ಮತ್ತೆ ಸುತ್ತಿದೆ, ಮತ್ತೆ ಜಾರಿತು.

"ಯಾ ಉಖ್ತಿ" ಎಂದಳು. ನನ್ನ ಸೋದರಿಯೇ ಎಂದರ್ಥ. ಅನಂತರ ತನ್ನ ಹರಕು ಇಂಗ್ಲಿಷಿನಲ್ಲಿ, "ಲುಕ್. ಐ ನೋ ಬೈಟ್."

ಪರದೆಯ ಆಚೆ ಶೀನಣ್ಣ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಅವಳು ನನ್ನ ಕೈ ಹಿಡಿದು ನಡುವಿನಿಂದ ಕೆಳಕ್ಕೆ, ಸೊಂಟದ ಎಲುಬಿನ ಮೇಲೆ ಇರಿಸಿದಳು. ಅನಂತರ ಮೊಣಕಾಲುಗಳನ್ನು ತುಸು ಬಾಗಿಸಿ, ಈಗ ಅಳೆ ಎಂದಳು. ಪಟ್ಟಿ ಕುಣಿಯುವ ಮೈಗೆ ಒಪ್ಪಬೇಕೇ ಹೊರತು ನಿಂತ ಮೈಗಲ್ಲ ಎನ್ನುವುದನ್ನು ಅರಬಿ, ಇಂಗ್ಲಿಷ್ ಮತ್ತು ಕೈಸನ್ನೆಗಳಲ್ಲಿ ತಿಳಿಸಿದಳು. ಸಾಲುಸಾಲು ಮಣಿಗಳ ಕುಚ್ಚು ಬೇಕು, ಭಾರವೂ ಬೇಕು. ಸೊಂಟ ನಿಂತ ಮೇಲೂ ಮಣಿ ಒಂದು ಗಳಿಗೆ ಆಡುತ್ತಿರಬೇಕು; ಅಷ್ಟಿದ್ದರೆ ಕೊನೆಯ ಸಾಲಿನಲ್ಲಿ ಕುಳಿತವನಿಗೂ ತಾಳ ಕಾಣುತ್ತದೆ. ಹೊಟ್ಟೆಯ ಮೇಲೆ ತೆಳುವಾದ ಬಲೆ ಬೇಕು, ಅವಳ ಊರಿನ ಕಾನೂನು ಹಾಗಂತೆ. ಇಲ್ಲಿ ಯಾರೂ ಕೇಳದಿದ್ದರೂ ಅವಳಿಗೆ ಬೇಕಿತ್ತು.

"ಬಲೆಯಾ?" ಎಂದರು ಶೀನಣ್ಣ. "ಮಲ್ಪೆಯಿಂದ ತರಿಸುದಾ, ಇಲ್ಲಿಯದ್ದೇ ಆಗ್ತದಾ ಕೇಳಿ."

ಆ ಉಡುಪು ಸಿದ್ಧವಾಗಲು ಬಹಳ ದಿನ ಹಿಡಿಯಿತು. ನವಾಲ್ ಆಗಾಗ ಬಂದು, ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು ಮಣಿ ಪೋಣಿಸುತ್ತಿದ್ದಳು. ಪರದೆಯ ಹಿಂದೆ ಇಸ್ತ್ರಿಯ ಬಿಸಿ, ಯಂತ್ರದ ಎಣ್ಣೆ, ಶೀನಣ್ಣನ ಏಲಕ್ಕಿ ಚಹಾ, ಇವುಗಳ ಮಿಶ್ರ ವಾಸನೆ. ಕುಣಿತವನ್ನು ಅವಳು ಕಲಿತದ್ದು ಸೋದರತ್ತೆಯಿಂದ, ಮದುವೆಮನೆಯ ಒಳಕೋಣೆಯಲ್ಲಿ. ಬಾಗಿಲು ಮುಚ್ಚಿ ಹೆಂಗಸರು ವೃತ್ತವಾಗಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರಂತೆ. ಅಜ್ಜಿಯರೂ ಏಳುತ್ತಿದ್ದರಂತೆ. ಒಮ್ಮೆ ನಾನು, ಬಹಳ ಯೋಚಿಸಿ, ಸರಿಯಾದ ಇಂಗ್ಲಿಷಿನಲ್ಲಿ ಕೇಳಿದೆ: ಬೆಲ್ಲಿ ಡ್ಯಾನ್ಸ್ ಕಲಿಯಲು ಎಷ್ಟು ಕಾಲ ಬೇಕಾಗುತ್ತದೆ?

ಅವಳು ಸೂಜಿ ಕೆಳಗಿಟ್ಟಳು. "ಬೆಲ್ಲಿ, ಫಾರ್ ಈಟಿಂಗ್" ಎಂದು ಹೊಟ್ಟೆ ತಟ್ಟಿಕೊಂಡಳು. "ದಿಸ್, ರಕ್ಸ್ ಶರ್ಕಿ."

"ಎಂತ ಹೇಳಿದ್ದು ಅವಳು?" ಶೀನಣ್ಣ ಯಂತ್ರ ನಿಲ್ಲಿಸಿದರು.

"ರಕ್ಸ್ ಎಂದರೆ ನೃತ್ಯ. ಶರ್ಕ್ ಎಂದರೆ ಪೂರ್ವ. ಪೂರ್ವ ದಿಕ್ಕಿನ ನೃತ್ಯ ಎಂದರ್ಥ."

ಶೀನಣ್ಣ ಯೌವನದಲ್ಲಿ ಯಕ್ಷಗಾನ ಮೇಳವೊಂದಕ್ಕೆ ವೇಷಗಳನ್ನು ಹೊಲಿದವರು. ನಮ್ಮ ಕರಾವಳಿಯಲ್ಲಿ ಆಟಕ್ಕೆ ಎರಡು ಪದ್ಧತಿ: ಬಡಗಣ ದಿಕ್ಕಿನದು ಬಡಗುತಿಟ್ಟು, ತೆಂಕಣದ್ದು ತೆಂಕುತಿಟ್ಟು. ಅವರು ಹಣೆಯ ಮೇಲೆ ಕನ್ನಡಕ ಏರಿಸಿ ಒಂದು ಗಳಿಗೆ ಯೋಚಿಸಿದರು.

"ಪೂರ್ವ ಅಂದ್ರೆ ಮೂಡು. ಬಡಗುತಿಟ್ಟು ಉಂಟು, ತೆಂಕುತಿಟ್ಟು ಉಂಟು. ಹಾಗಾದ್ರೆ ಇದು ಮೂಡುತಿಟ್ಟು!"

"ಹಾಗೆ ಹೇಳುವುದು ಸರಿಯಾಗುವುದಿಲ್ಲ ಶೀನಣ್ಣ. ಯಕ್ಷಗಾನಕ್ಕೆ ಅಗೌರವ."

"ಎಂತ ಅಗೌರವ ಮಾರಾಯ್ರೆ? ಅಲ್ಲಿ ಗಂಡಸು ಸೊಂಟಕ್ಕೆ ಡಾಬು ಕಟ್ಟಿ ಹೆಣ್ಣಾಗಿ ಕುಣೀತಾನೆ. ಇಲ್ಲಿ ಹೆಣ್ಣೇ ಕಟ್ಟಿ ಕುಣೀತಾಳೆ. ನಂಗೆ ಹೊಲಿಗೆ ಒಂದೇ."

ನವಾಲ್ ಏನೆಂದು ಕೇಳಿದಳು. ವಿವರಿಸಿದೆ. ಅವಳಿಗೆ ಬಹಳ ಸಂತೋಷವಾಯಿತು. "ಮೂದುತಿತ್ತು" ಎಂದಳು. "ಡು, ಟ್ಟು" ಎಂದು ತಿದ್ದಿದೆ. "ಮೂದುತಿತ್ತು" ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು. ಅಂದಿನಿಂದ ಅಂಗಡಿಯಲ್ಲಿ ಆ ಉಡುಪಿಗೆ ಅದೇ ಹೆಸರು.

ಪದ್ಮನಾಭಯ್ಯನವರು ಅಂಗಡಿಗೆ ಬಂದದ್ದು ಆ ಬಳಿಕ. ಮಂಡ್ಯದ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಸಂಘದ ಕಾರ್ಯಕ್ರಮಗಳಿಗೂ ಅವರೇ, ಭಾರತೀಯರು ನಡೆಸುತ್ತಿದ್ದ ಒಂದು ಸಣ್ಣ ಶಾಲೆಯ ಆಡಳಿತ ಮಂಡಳಿಗೂ ಅವರೇ. ಮಗಳ ಸಮವಸ್ತ್ರ ಒಯ್ಯಲು ಬಂದವರು ನನ್ನ ಮಾತು ಆಲಿಸಿ, "ಓದಿದೀರಾ?" ಎಂದು ಕೇಳಿದರು. ಹೇಳಿದೆ. "ನಮ್ಮ ಶಾಲೇಲಿ ಚಿಕ್ಕ ಮಕ್ಕಳಿಗೆ ಟೀಚರ್ ಬೇಕಾಗಿದಾರೆ. ಮುಂದಿನ ಶನಿವಾರ ಸಂದರ್ಶನ ಇಟ್ಕೊಂಡಿದೀವಿ. ವೀಸಾ ಸ್ಕೂಲೇ ಕೊಡುತ್ತೆ. ಬನ್ನಿ."

ಕೃತಜ್ಞತೆ ಸೂಚಿಸುವ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಾಗಲೇ ಅವರ ದೃಷ್ಟಿ ನನ್ನ ಹಿಂದಕ್ಕೆ ಹೋಯಿತು. ಗಾಳಿಗೆ ಪರದೆ ಸರಿದಿತ್ತು. ಮೇಜಿನ ಮೇಲೆ ನವಾಲ್‌ಳ ಸೊಂಟಪಟ್ಟಿ, ಅರ್ಧ ಮಣಿ ಹೊತ್ತು, ಬೆಳಕಿಗೆ ಉರಿಯುತ್ತಿತ್ತು.

"ಅದೇನದು?"

ಶೀನಣ್ಣ ತಲೆಯೆತ್ತದೆ ಹೇಳಿದರು: "ಮೂಡುತಿಟ್ಟಿನ ವೇಷ ಸರ್."

ಪದ್ಮನಾಭಯ್ಯನವರ ಮುಖ ಅರಳಿತು. "ಮೂಡುತಿಟ್ಟು? ನಮ್ಮ ಕಡೆ ಮೂಡಲಪಾಯ ಅಂತಾರಲ್ಲ, ಅದೇ ಏನ್ರೀ? ನಮ್ಮ ದೊಡ್ಡಪ್ಪ ಕುಣೀತಿದ್ರು! ಹೀಗೇ ಮಣಿ, ಹೀಗೇ ಝಗಝಗ. ಇಲ್ಲಿ, ಈ ಬಹರೈನಲ್ಲಿ ಯಾರ್ರೀ ಕುಣಿಯೋರು?"

"ಒಬ್ರು ಇದ್ದಾರೆ ಸರ್" ಎಂದರು ಶೀನಣ್ಣ, ಈ ಬಾರಿ ಸ್ವಲ್ಪ ಹೆದರಿ.

"ಯುಗಾದಿಗೆ ಮಾಡಿಸಲೇಬೇಕು. ನಾನೇ ಹಾಲ್ ಬುಕ್ ಮಾಡ್ತೀನಿ." ಅವರು ಸಮವಸ್ತ್ರದ ಪೊಟ್ಟಣವನ್ನು ಮರೆತೇ ಹೊರಟರು, ನಾನು ಬೀದಿಯವರೆಗೆ ಓಡಿ ಕೊಟ್ಟು ಬಂದೆ.

"ಏನು ಹೇಳಿಬಿಟ್ಟಿರಿ ಶೀನಣ್ಣ!"

"ನಾನೆಂತ ಸುಳ್ಳು ಹೇಳಿದ್ದಾ? ಅವರಿಗೆ ಬೇಕಾದ್ದು ಅವರು ಕೇಳಿಸಿಕೊಂಡ್ರು. ಯುಗಾದಿಗೆ ಇನ್ನೂ ದಿನ ಉಂಟು. ಮರೆತುಹೋಗ್ತದೆ ಬಿಡಿ."

ಸಂದರ್ಶನದ ವಾರ ಬಂತು. ಆ ಭಾನುವಾರ ನವಾಲ್ ಅಂಗಡಿಗೆ ಬಂದಾಗ ಮಣಿ ಪೋಣಿಸಲಿಲ್ಲ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, ತುಂಡು ಮಾತುಗಳಲ್ಲಿ ಹೇಳಿದಳು. ಕುಣಿತ ಮುಗಿದ ಮೇಲೆ ಅತಿಥಿಗಳ ಮೇಜಿಗೆ ಹೋಗಿ ಕುಳಿತು, ಅವರೊಂದಿಗೆ ಕುಡಿಯಬೇಕೆಂದು ಮ್ಯಾನೇಜರ್ ಮಲ್ಹೋತ್ರಾ ಒತ್ತಾಯಿಸಿದ್ದರು. ಅವಳು ನಿರಾಕರಿಸಿದ್ದಳು. ಬ್ಯಾಂಡಿನವರೆದುರಿಗೇ ಜಗಳವಾಗಿತ್ತು. ಗುರುವಾರ ಹೋಟೆಲಿನ ಒಡೆಯರ ಕಡೆಯ ದೊಡ್ಡ ಅತಿಥಿಗಳು ಬರುವವರಿದ್ದರು. ಆ ದಿನ ಹೊಸ ಉಡುಪಿನಲ್ಲಿ ಚೆನ್ನಾಗಿ ಕುಣಿದರೆ ಒಡೆಯರೇ ಮೆಚ್ಚಿಯಾರು, ಮುಂದಿನ ತಿಂಗಳೂ ಇರಿಸಿಕೊಂಡಾರು ಎಂಬುದು ಅವಳ ಆಸೆ. ಒಬ್ಬರ ಅನುಮತಿಯ ಮೇಲೆ ಊರಲ್ಲದ ಊರಿನಲ್ಲಿ ನಿಲ್ಲುವುದೆಂದರೇನೆಂದು ನನಗೆ ವಿವರಿಸಬೇಕಾಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಹೋಟೆಲಿನ ಡ್ರೈವರ್ ಇಸ್ಮಾಯಿಲ್ ಬಂದ. ಉಳ್ಳಾಲದವನು, ಶೀನಣ್ಣನ ಚಹಾದ ಗೆಳೆಯ.

"ಶೀನಣ್ಣ, ಆ ಡ್ರೆಸ್ ಹೊಲಿಯುದು ನಿಲ್ಲಿಸಿ. ಅವಳನ್ನು ನಾಳೆಯ ವಿಮಾನದಲ್ಲಿ ಕಳಿಸ್ತಾರಂತೆ. ಟಿಕೆಟಿಗೆ ನಾನೇ ಹೋಗಿ ಬಂದೆ."

"ಯಾಕೆ? ಎಂತ ಆಯ್ತು?"

"ಮ್ಯಾನೇಜರಿಗೆ ಧಮ್ಕಿ ಹಾಕಿದ್ದಾಳಂತೆ. ಟೆಲಿಫೋನಿನ ಹುಡುಗಿ ಬೊಂಬಾಯಿಯಿಂದ ಬಂದು ಈಗಷ್ಟೇ ಆದದ್ದು. ಅವಳ ಹತ್ರ ಹೋಗಿ ಹೇಳಿದ್ದಾಳೆ, ಖಮೀಸ್ ದಿನ ಬದ್ಲಾ, ಆಗಲೇಬೇಕು, ಎಲ್ಲರ ಎದುರಿಗೆ ಅಂತ. ಆ ಹುಡುಗಿ ಹೆದರಿ ಮ್ಯಾನೇಜರಿಗೆ ಹೇಳಿತು."

ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಖಮೀಸ್ ಎಂದರೆ ಅರಬಿಯಲ್ಲಿ ಗುರುವಾರ. ನಾನೇ ಮೊದಲ ವಾರದಲ್ಲಿ ಆ ಶಬ್ದಕ್ಕೆ ಕಪಾಟಿನಲ್ಲೆಲ್ಲ ಕಮೀಸು ಹುಡುಕಿದ್ದೆ. ಬದ್ಲಾ ಎಂದರೆ ಅರಬಿಯಲ್ಲಿ ಉಡುಪು. ಹಿಂದಿಯಲ್ಲಿ ಸೇಡು. ಗುರುವಾರ ಉಡುಪು ಬೇಕೇಬೇಕೆಂದು ನಮಗೆ ಫೋನು ಮಾಡಿಸಲು ಹೋದವಳು, ಹಿಂದಿಯ ಕಿವಿಗೆ ಗುರುವಾರ ಎಲ್ಲರೆದುರು ಸೇಡು ತೀರಿಸಿಕೊಳ್ಳುವವಳಾಗಿದ್ದಳು.

ಶೀನಣ್ಣ ಮೇಜು ಬಡಿದು ನಕ್ಕರು. ನಗು ಬೇಗನೆ ನಿಂತಿತು. "ಯಾರಾದ್ರೂ ಹೋಗಿ ಹೇಳ್ಬೇಕಲ್ಲ. ನನ್ನ ಹಿಂದಿ ಕೇಳಿದ್ರೆ ಆ ಮನುಷ್ಯ ನಾನೂ ಸೇಡಿಗೆ ಬಂದದ್ದು ಅಂತ ತಿಳೀತಾನೆ." ಅನಂತರ ನನ್ನ ಕಡೆ ನೋಡಿ, ಕೂಡಲೇ ಕಣ್ಣು ಕೆಳಗಿಳಿಸಿದರು. "ನೀವು ಹೋಗ್ಬೇಕು ಅಂತ ನಾನು ಹೇಳುದಿಲ್ಲ ಟೀಚರೇ. ಶನಿವಾರ ನಿಮಗೆ ಸಂದರ್ಶನ ಉಂಟು."

ಅಂತಹ ಹೋಟೆಲಿನೊಳಗೆ ನಾನೊಬ್ಬಳೇ ಕಾಲಿಟ್ಟಿದ್ದಿಲ್ಲ. ಯಾರು ಕಾಣಬಹುದು, ಕಂಡವರು ಯಾರಿಗೆ ಹೇಳಬಹುದು ಎಂದು ಲೆಕ್ಕ ಹಾಕುತ್ತಲೇ, ಬಹುಪಾಲು ಸಿದ್ಧವಾಗಿದ್ದ ಬದ್ಲಾವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿದೆ. ದಾರಿಯುದ್ದಕ್ಕೂ ಇಸ್ಮಾಯಿಲನ ಕಾರಿನಲ್ಲಿ ಕುಳಿತು ಹಿಂದಿಯ ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಉಡುಪು ಪುಲ್ಲಿಂಗವೋ ಸ್ತ್ರೀಲಿಂಗವೋ ಎಂಬ ಸಂಶಯ ಆಗಲೂ ಬಿಡಲಿಲ್ಲ.

ಮ್ಯಾನೇಜರನ ಕೋಣೆಯ ಬಾಗಿಲು ತೆರೆದಾಗ ಮೊದಲು ಕಂಡವರು ಪದ್ಮನಾಭಯ್ಯ. ಯುಗಾದಿಗೆ ಹೋಟೆಲಿನ ಸಭಾಂಗಣ ಗೊತ್ತುಮಾಡಲು ಬಂದಿದ್ದರು. ನಮ್ಮ ಸಂಘದ ಕಾರ್ಯಕ್ರಮಗಳೂ ನಡೆಯುತ್ತಿದ್ದುದು ನವಾಲ್ ಕುಣಿಯುತ್ತಿದ್ದ ಅದೇ ಸಭಾಂಗಣದಲ್ಲೆಂಬುದು ನನಗೆ ಹೊಳೆದದ್ದು ಆಗ. ಕಿಟಕಿಯ ಬಳಿ ನವಾಲ್ ನಿಂತಿದ್ದಳು. ಏಕೆ ತನ್ನನ್ನು ಕಳುಹಿಸುತ್ತಿದ್ದಾರೆಂದು ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

"ನೀವು ಇಲ್ಲಿ?" ಎಂದರು ಪದ್ಮನಾಭಯ್ಯ.

ಕಟ್ಟಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. ಗಂಟು ಬಿಚ್ಚಿ ಸೊಂಟಪಟ್ಟಿಯನ್ನು ಗಾಜಿನ ಮೇಜಿನ ಮೇಲಿಟ್ಟೆ. ಭಾರಕ್ಕೆ ಅದು ದಡಾರನೆ ಸದ್ದು ಮಾಡಿತು.

"ಸಾಬ್, ಬದ್ಲಾ ಯಹೀ ಹೈ."

ಮಲ್ಹೋತ್ರಾ ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಡವರಿಸುತ್ತ ಅರಬಿಯ ಅರ್ಥ ಹೇಳಿದೆ. ಒಮ್ಮೆಲೇ ಅವರಿಗೆ ನಗು ಬಂತು. ಕೆಮ್ಮು ಬರುವವರೆಗೂ ನಕ್ಕರು. ಟೆಲಿಫೋನಿನ ಹುಡುಗಿಯನ್ನು ಕರೆಸಿ ತೋರಿಸಿ ಮತ್ತೊಮ್ಮೆ ನಕ್ಕರು. ಪದ್ಮನಾಭಯ್ಯನವರು ನಗಲಿಲ್ಲ. ಅವರು ಆ ಮಣಿಗಳನ್ನು ಗುರುತಿಸಿದ್ದರು. ಮಣಿಯಿಂದ ನವಾಲ್‌ಳ ಕಡೆಗೆ, ನವಾಲ್‌ಳಿಂದ ನನ್ನ ಕಡೆಗೆ ಅವರ ನೋಟ ನಿಧಾನವಾಗಿ ಬಂತು. ತಮ್ಮ ದೊಡ್ಡಪ್ಪನ ಕಲೆಯೆಂದು ಸಂಘದಲ್ಲೆಲ್ಲ ಅವರು ಸಾರಿಕೊಂಡು ಬಂದಿದ್ದರು.

ಸರಿಯಾದ ಶಬ್ದವೊಂದನ್ನು ಸರಿಯಾದ ಕಡೆ ಇಟ್ಟರೆ ತಪ್ಪು ತಿದ್ದಿಹೋಗುತ್ತದೆ ಎಂದು ನಾನು ನಂಬಿದ್ದೆ. ಓದಿದ್ದೆಲ್ಲ ಆ ನಂಬಿಕೆಯಿಂದಲೇ. ಮಲ್ಹೋತ್ರಾ ಕಣ್ಣೊರೆಸಿಕೊಂಡು, ಧಮ್ಕಿಯ ಮಾತು ಬಿಟ್ಟೆ ಎಂದರು. ಬಳಿಕ ಅದೇ ದನಿಯಲ್ಲಿ, "ಆದರೆ ಗುರುವಾರದಿಂದ ಮೇಜಿಗೆ ಹೋಗಿ ಕೂರಬೇಕು. ಕೇಳಿ ಅವಳನ್ನು" ಎಂದರು, ಹಿಂದಿಯಲ್ಲಿ. ನಾನು ದುಭಾಷಿಯಾಗಿದ್ದೆ.

ಆ ಮಾತನ್ನು ಹೇಗೆ ಹೇಳಬೇಕೆಂದು ಶಬ್ದ ಹುಡುಕಿದೆ. ಹುಡುಕುತ್ತಿರುವಂತೆಯೇ ನವಾಲ್ ನನ್ನ ಮುಖ ನೋಡಿ ತಿಳಿದುಕೊಂಡಳು.

"ಲಾ" ಎಂದಳು. ಇಲ್ಲ.

ಮಲ್ಹೋತ್ರಾ ಮೇಜಿನ ಖಾನೆಯಿಂದ ಅವಳ ಪಾಸ್‌ಪೋರ್ಟ್ ತೆಗೆದು ಸೊಂಟಪಟ್ಟಿಯ ಪಕ್ಕದಲ್ಲಿಟ್ಟರು. ಅತಿಥಿಗಳು ಬರುವುದರಿಂದ ಗುರುವಾರ ಕುಣಿಯಲಿ, ಶುಕ್ರವಾರ ಹೊರಡಲಿ. ಅಷ್ಟೇ. ನಾನು ಮಾಡಿದ ಉಪಕಾರವೆಂದರೆ ಬುಧವಾರವನ್ನು ಶುಕ್ರವಾರವಾಗಿಸಿದ್ದು.

ಹೊರಗೆ ಬಂದ ಮೇಲೆ ನವಾಲ್ ನನ್ನ 'ಕ್ಷಮಿಸು' ಎಂಬ ಮಾತನ್ನು ಅರ್ಧಕ್ಕೇ ತಡೆದಳು. ಉಡುಪು ತೊಟ್ಟು ನೋಡಬೇಕಿತ್ತು. ಸಭಾಂಗಣ ಖಾಲಿ, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಅಭ್ಯಾಸಕ್ಕೆ ಬಂದ ವಾದ್ಯಗಾರನೊಬ್ಬ ಮಡಕೆಯಂತಹ ಚರ್ಮವಾದ್ಯವನ್ನು ತೊಡೆಯ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದ. ನಾನು ಬೆನ್ನ ಕೊಂಡಿಗಳನ್ನು ಹಾಕಿದೆ. ಅವಳು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ನಡುವಿಗೆ ನಡೆದಳು.

ನಾನು ಆ ಕಲೆಯನ್ನು ಕಂಡದ್ದು ಅದೊಂದೇ ಸಲ. ಮೈಯ ಮೇಲ್ಭಾಗ ತುಂಬಿದ ಕೊಡ ಹೊತ್ತವಳಂತೆ ಸ್ಥಿರವಾಗಿತ್ತು. ಕೈಗಳು ನಿಧಾನವಾಗಿ ಏರಿದವು. ಸೊಂಟ ಮಾತ್ರ ವಾದ್ಯದ ಪ್ರತಿಯೊಂದು ಪೆಟ್ಟಿಗೂ ಮರುಮಾತು ಕೊಡುತ್ತಿತ್ತು: ಒಂದು ಪೆಟ್ಟಿಗೆ ಬಲಕ್ಕೆ, ಮರುಪೆಟ್ಟಿಗೆ ಒಳಕ್ಕೆ, ಆಮೇಲೆ ಕಿರುನಡುಕವಾಗಿ ಇಳಿದು, ಆಡಿಯೇ ಇಲ್ಲದ ಹಾಗೆ ನಿಂತುಬಿಡುತ್ತಿತ್ತು. ನಿಂತ ಮೇಲೂ ಮಣಿಗಳು ಒಂದು ಗಳಿಗೆ ಆಡುತ್ತಿದ್ದವು. ನೋಯುವ ಕಾಲು ಯಾವುದೆಂದು ತಿಳಿಯಲಿಲ್ಲ. ಅವಳ ಮುಖದಲ್ಲಿ ನಗೆಯಾಗಲಿ ಆಹ್ವಾನವಾಗಲಿ ಇರಲಿಲ್ಲ. ಕಷ್ಟದ ಲೆಕ್ಕವೊಂದನ್ನು ಮನಸ್ಸಿನಲ್ಲೇ ಬಿಡಿಸುವವರ ಏಕಾಗ್ರತೆ ಇತ್ತು. ವಾದ್ಯ ನಿಂತಾಗ, ಬಾಗಿಲಲ್ಲಿ ಯಾರೋ ಇದ್ದಂತಾಗಿ ತಿರುಗಿದೆ. ಕುರ್ಚಿಗಳ ವ್ಯವಸ್ಥೆ ನೋಡಲು ಬಂದಿದ್ದ ಪದ್ಮನಾಭಯ್ಯನವರು, ನಾನು ಕಂಡೊಡನೆ ಹೊರಟುಹೋದರು.

ಆ ಸಂಜೆ ಪತಿ ಬಂದಾಗ ನಾನು ದೀಪ ಹಾಕದೆ ಕುಳಿತಿದ್ದೆ.

"ದಾನೆ ಆಂಡ್?" ಎಂದರು. ಏನಾಯಿತು?

ಹೇಳಿದೆ. ಅವರು ಸ್ನಾನಕ್ಕೂ ಹೋಗದೆ ಮಂಚದ ಅಂಚಿನಲ್ಲಿ ಕುಳಿತರು. "ಪದ್ಮನಾಭಯ್ಯನವರ ಎದುರಿಗೇ ಹೋಗಿ ಬೀಳಬೇಕಿತ್ತಾ? ಇಡೀ ಬಹರೈನಲ್ಲಿ ಬೇರೆ ಯಾರೂ ಸಿಗಲಿಲ್ಲವಾ ನಿನಗೆ?" ಅನಂತರ, ಅಲ್ಯೂಮಿನಿಯಂ ಧೂಳು ಕೂತ ಬೆರಳುಗಳನ್ನು ನೋಡುತ್ತ, "ಸಿಗದಿದ್ದರೆ ಸಿಗಲಿಲ್ಲ. ನಾನು ವರ್ಷಕ್ಕೊಮ್ಮೆ ಬರ್ತೇನಲ್ಲ. ಎಷ್ಟು ಜನ ಹಾಗೆ ಇಲ್ಲ?" ಎಂದರು. ಆ ಪ್ರಶ್ನೆಗೆ ಅವರಿಗೂ ಉತ್ತರ ಬೇಕಿತ್ತೆಂದು ಕಾಣುತ್ತದೆ.

ಶುಕ್ರವಾರ ಮಳೆ ಸುರಿಯಿತು. ಅಲ್ಲಿಯ ನೆಲಕ್ಕೆ ಮಳೆಯ ಅಭ್ಯಾಸವಿಲ್ಲ. ಓಣಿಯಲ್ಲಿ ಮೊಣಕಾಲವರೆಗೆ ನೀರು ನಿಂತಿತು. ರಜೆಯ ದಿನವಾದರೂ ಶೀನಣ್ಣ ಅಂಗಡಿ ತೆರೆದಿದ್ದರು. ವಿಮಾನ ನಿಲ್ದಾಣದ ದಾರಿಯಲ್ಲಿ ನವಾಲ್ ಇಳಿದು ಬಂದಳು. ಅದೇ ನಿಲುವಂಗಿ, ಅದೇ ಕನ್ನಡಕ. ಗುರುವಾರ ಹೇಗಾಯಿತೆಂದು ಕೇಳಿದೆ. ಅತಿಥಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ಒಡೆಯರೂ ತಟ್ಟಿದರಂತೆ. ಒಪ್ಪಂದದ ವಿಷಯ ಯಾರೂ ಎತ್ತಲಿಲ್ಲ.

"ಇನ್ನು?"

"ಕೈರೋ. ವೆಡ್ಡಿಂಗ್, ವೆಡ್ಡಿಂಗ್" ಎಂದು ನಕ್ಕಳು. ಅನಂತರ ಬಾಗಿಲಲ್ಲಿ ನಿಂತು ಆ ಶಬ್ದವನ್ನು ಕೇಳಿದಳು, ಊರಿಗೆ ಹೋಗಿ ಅತ್ತೆಗೆ ಹೇಳಬೇಕಂತೆ.

"ಮೂಡುತಿಟ್ಟು."

"ಮೂದುತಿತ್ತು."

ನಾನು ತಿದ್ದಲಿಲ್ಲ. ಶೀನಣ್ಣ ಲುಂಗಿ ಎತ್ತಿ ಕಟ್ಟಿ, ಬದ್ಲಾ ಇದ್ದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ನೀರು ದಾಟಿ ಕಾರಿನವರೆಗೆ ಮುಟ್ಟಿಸಿ ಬಂದರು.

ಶನಿವಾರದ ಸಂದರ್ಶನದಲ್ಲಿ ಮೂವರಿದ್ದರು, ನಡುವೆ ಪದ್ಮನಾಭಯ್ಯ. ಪಾಠದ ಪ್ರಶ್ನೆಗಳಿಗೆಲ್ಲ ಉತ್ತರಿಸಿದೆ. ಏನು ಉತ್ತರಿಸಿದೆನೆಂದು ನೆನಪಿಲ್ಲ. ಕೊನೆಗೆ ಬಲಬದಿಯವರು ಕೇಳಿದರು: "ಈಗ ಏನು ಮಾಡ್ತಿದ್ದೀರಿ?"

ನಾನು ವಾಕ್ಯ ಕಟ್ಟಲಿಲ್ಲ. "ಹೊಲಿಗೆಯಂಗಡಿಯಲ್ಲಿದ್ದೇನೆ. ಅಲ್ಲಿ ಸಮವಸ್ತ್ರವಲ್ಲದೆ..."

"ಕಲೆಯ ವೇಷಭೂಷಣ ಹೊಲೀತಾರೆ" ಎಂದರು ಪದ್ಮನಾಭಯ್ಯ, ಮೇಜನ್ನು ನೋಡುತ್ತ. "ಮೂಡುತಿಟ್ಟು ಅಂತ. ನಮ್ಮ ಮೂಡಲಪಾಯದ ಹಾಗೆ."

"ಓ, ಯುಗಾದಿಗೆ ಮಾಡಿಸ್ತೀನಿ ಅಂದಿದ್ರಲ್ಲ, ಅದಾ?"

"ಇಲ್ಲ, ಆಗೋದಿಲ್ಲ. ಆ ಕಲಾವಿದರು ಊರಿಗೆ ಹೊರಟುಹೋದರು."

ಅವರು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಹಾಗೆಂದರೋ, ನನ್ನದನ್ನೋ, ಅಥವಾ ಸಭಾಂಗಣದ ಬಾಗಿಲಲ್ಲಿ ನಿಂತು ಕಂಡದ್ದರ ಮರ್ಯಾದೆಯನ್ನೋ, ನನಗೆ ಇಂದಿಗೂ ತಿಳಿಯದು. ನನ್ನನ್ನು ತಟ್ಟಿದ್ದು ಆ ಕ್ರಿಯಾಪದ. ಹೊರಟುಹೋದರು. ಅವಳ ಮೈಯ ಅಳತೆ ತೆಗೆದವಳು, ಅವಳ ಕನ್ನಡಕ ಹಿಡಿದು ನಿಂತವಳು, ಬಹುವಚನ ಏಕವಚನಗಳ ವಿಷಯದಲ್ಲಿ ಅಷ್ಟು ಎಚ್ಚರವಿದ್ದವಳು ನಾನು. ನನ್ನ ನಾಲಿಗೆಯಲ್ಲಿ ಅವಳು ಒಂದು ದಿನವೂ 'ಅವರು' ಆಗಿರಲಿಲ್ಲ.

ಕೆಲಸ ದೊರೆಯಿತು. ಬೇಸಿಗೆಯಲ್ಲಿ ನಾನು ಊರಿಗೆ ಹೋಗಲಿಲ್ಲ. ಹಬೆಯೊಳಗೆ ಪತಿಯ ಬಸ್ಸಿಗಾಗಿ ಕಾಯುತ್ತ ನಿಂತಾಗಲೆಲ್ಲ, ಉಳಿದುಕೊಂಡದ್ದರ ಸಂತೋಷದ ಜೊತೆಗೆ ಇನ್ನೊಂದು ಭಾರವೂ ಇರುತ್ತಿತ್ತು. ಅದಕ್ಕೊಂದು ಸರಿಯಾದ ಹೆಸರು ದೊರೆಯಲಿಲ್ಲ.

"ಅಮ್ಮಾ" ಎಂದಳು ಮಗಳು ಮಾಲಿನಲ್ಲಿ, ತೂಕವಿಲ್ಲದ ಆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದು ಕಂಬಿಗೆ ಹಾಕುತ್ತ. "ಎಂತ ಹೇಳುದು ಅಂತ ಹೇಳಲೇ ಇಲ್ಲ ನೀನು."

"ಮೂದುತಿತ್ತು."

"ಎಂತದು? ಯಾವ ಭಾಷೆ ಅದು? ಯಾರು ಹೇಳಿದ್ದು ಹಾಗೆ?"

"ನವಾಲ್ ಅಂತ" ಎಂದೆ. "ಒಬ್ಬರು ಇದ್ದರು."